ಡಾರ್ವಿನ್ ಪುಸ್ತಕ ಕೊಳ್ಳುವ ಮುಂಚೆ ಎಷ್ಟನೇ ಆವೃತ್ತಿ ಅಂತ ನೋಡಿಕೊಳ್ಳಿ

ಜೀವವಿಕಾಸದ ಬಗ್ಗೆ ಡಾರ್ವಿನ್ ಬರೆದ ‘ಆನ್ ದಿ ಒರಿಜಿನ್ ಆಫ್ ಸ್ಪೀಷೀಸ್’ ಈಗ ನನ್ನ ಹತ್ತಿರ ಎರಡೆರಡು ಪ್ರತಿ ಇದೆ. ಒಂದಕ್ಕೆ 199 ರೂಪಾಯಿ ಕೊಟ್ಟೆ, ಇನ್ನೊಂದಕ್ಕೆ 450. ಎರಡು ಕೊಳ್ಳುವ ಶೋಕಿಯೇನೂ ಇರಲಿಲ್ಲ. ಮೊದಲನೆಯದನ್ನು ಆನ್‌ಲೈನಲ್ಲಿ ತರಿಸಿದ್ದೆ. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 1859 ಅಂತ ಇತ್ತು, ವಿವರದಲ್ಲೂ ಮೊದಲ ಆವೃತ್ತಿಯ ಪಠ್ಯ ಅಂತಲೇ ಹಾಕಿದ್ದರು. ಬಂದಿದ್ದು ನೋಡಿದರೆ 1872ರ ಆರನೇ ಆವೃತ್ತಿ. ಫೋನ್ ಮಾಡಿ ಕೇಳಿದೆ. “ಮೇಡಂ, ಪುಸ್ತಕ ಅದೇ ತಾನೇ, ಬರೆದವರೂ ಅವರೇ ತಾನೇ?” ಅಂದ ಹುಡುಗ. ಪಾಪ, ಅವನಿಗಾದರೂ ಹೇಗೆ ಗೊತ್ತಿರಬೇಕು.

ಆದರೆ ಪುಸ್ತಕ ಅದೇ ಅಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗುರುತು ಹಿಡಿಯುವುದು ಸುಲಭ. ಪರಿವಿಡಿಯಲ್ಲಿ 14 ಅಧ್ಯಾಯ ಇದ್ದರೆ ಹಳೆಯದು, 15 ಇದ್ದರೆ ಆರನೆಯದು. ನಾಲ್ಕನೇ ಅಧ್ಯಾಯದ ತಲೆಬರಹದಲ್ಲಿ ‘ಸರ್ವೈವಲ್ ಆಫ್ ದಿ ಫಿಟೆಸ್ಟ್’ (ಯೋಗ್ಯರ ಉಳಿವು) ಅಂತ ಇದ್ದರೆ ಸುಮ್ನೆ ವಾಪಸ್ ಇಟ್ಟುಬಿಡಿ. ಡಾರ್ವಿನ್ ಅಂದ ಕೂಡಲೇ ಎಲ್ಲರ ಬಾಯಿಗೆ ಬರುವ ಆ ಮಾತು 1859ರಲ್ಲಿ ಈ ಪುಸ್ತಕದಲ್ಲಿ ಇರಲೇ ಇಲ್ಲ ಗೊತ್ತಾ? ಅದು ತತ್ತ್ವಶಾಸ್ತ್ರಜ್ಞ ಹರ್ಬರ್ಟ್ ಸ್ಪೆನ್ಸರ್ ಕಟ್ಟಿದ ಮಾತು. ಅದನ್ನು ಬಳಸು ಅಂತ, ಡಾರ್ವಿನ್ನನ ಹಾಗೇ ಇದೇ ವಿಚಾರಕ್ಕೆ ಬಂದಿದ್ದ ವ್ಯಾಲೇಸ್ ಹೇಳಿದ, ಡಾರ್ವಿನ್ 1869ರ ಐದನೇ ಆವೃತ್ತಿಯಲ್ಲಿ ಸೇರಿಸಿಕೊಂಡ. ಆಮೇಲೆ ಆದ ತಲೆನೋವು ಅಷ್ಟಿಷ್ಟಲ್ಲ, ಅದಕ್ಕೆ ಮುಂದೆ ಬರುತ್ತೇನೆ.

ನನ್ನ 199 ರೂಪಾಯಿ ಪ್ರತಿಯಲ್ಲಿ ಇನ್ನೊಂದು ಎಡವಟ್ಟಿದೆ. ಇಡೀ ಪುಸ್ತಕಕ್ಕೆ ಇರುವುದೇ ಒಂದು ಚಿತ್ರ. ಕೊಂಬೆ ಕವಲೊಡೆಯುವ ಹಾಗೆ ಜೀವಿಗಳ ವಂಶ ಕವಲೊಡೆಯುವುದನ್ನು ತೋರಿಸುವ ಗೆರೆಗಳ ಚಿತ್ರ. ಪುಣ್ಯಾತ್ಮರು ಅದನ್ನೇ ಬಿಟ್ಟಿದ್ದಾರೆ. ನಾಲ್ಕನೇ ಅಧ್ಯಾಯದಲ್ಲಿ ಡಾರ್ವಿನ್ ಪುಟಗಟ್ಟಲೆ ‘ಎ’ ಇಂದ ಹೊರಟ ಗೆರೆ ನೋಡಿ, ‘ಐ’ ಇಂದ ಹೊರಟ ಗೆರೆ ನೋಡಿ ಅಂತಾನೆ, ನಾನು ನೋಡುವುದು ಎಲ್ಲಿ? ಕಾಗದ ನ್ಯೂಸ್‌ಪ್ರಿಂಟಿನಂಥದ್ದು, ಅಕ್ಷರ ಸಾಸಿವೆ ಕಾಳಿನಷ್ಟು. 450ರದ್ದರಲ್ಲಿ ಚಿತ್ರ ಇದೆ, ಮಡಚುಪುಟ ಅಲ್ಲದಿದ್ದರೂ ಓದಲು ಬರುತ್ತದೆ, ಹೊಲಿಗೆ ಗಟ್ಟಿ, ಮುಖ್ಯವಾಗಿ ಪಠ್ಯ ಮೊದಲ ಆವೃತ್ತಿಯದು.

ನಾನು ಜೀವಶಾಸ್ತ್ರ ಓದಿದವಳಲ್ಲ. ಬ್ಯಾಂಕಿನಲ್ಲಿ ಕೂತು ಬಡ್ಡಿ ಲೆಕ್ಕ ಹಾಕುವವಳು. 2023ರಲ್ಲಿ ಎನ್‌ಸಿಇಆರ್‌ಟಿಯವರು ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಭಾಗ ತೆಗೆದಾಗ ಗಲಾಟೆ ಆಯ್ತಲ್ಲ, ಆಗ ಅಕ್ಕನ ಮಗಳು “ಚಿಕ್ಕಮ್ಮ, ಅದರಲ್ಲಿ ಅಂಥದ್ದೇನಿದೆ?” ಅಂತ ಕೇಳಿದಳು. ಕೋತಿಯಿಂದ ಮನುಷ್ಯ ಅನ್ನುವುದಕ್ಕಿಂತ ಜಾಸ್ತಿ ನನಗೇ ಗೊತ್ತಿರಲಿಲ್ಲ. ಓದಲು ಕೂತಾಗ ಆಶ್ಚರ್ಯ ಆಗಿದ್ದು ಪ್ರಾಣಿ ಪಕ್ಷಿಗಳ ವಿಷಯಕ್ಕಲ್ಲ. ಇದು ವಕೀಲರು ಕೇಸು ಕಟ್ಟಿದ ಹಾಗೆ ಕಟ್ಟಿದ ಪುಸ್ತಕ. ಇದೆಲ್ಲ ಒಂದೇ ಉದ್ದನೆಯ ವಾದ ಅಂತ ಕೊನೇ ಅಧ್ಯಾಯದಲ್ಲಿ ಡಾರ್ವಿನ್ನೇ ಹೇಳಿಕೊಳ್ಳುತ್ತಾನೆ.

ವಾದದ ಗಂಟು ಇಷ್ಟೇ. ಒಂದೇ ಸೂಲಿನ ಮರಿಗಳೂ ಒಂದೇ ಥರ ಇರುವುದಿಲ್ಲ. ಆ ವ್ಯತ್ಯಾಸದಲ್ಲಿ ಸ್ವಲ್ಪವಾದರೂ ಮರಿಯ ಮರಿಗೆ ಹೋಗುತ್ತದೆ. ಹುಟ್ಟುವವು ಬದುಕಲು ಸಾಧ್ಯ ಇರುವುದಕ್ಕಿಂತ ಜಾಸ್ತಿ. ಈ ಮೂರನ್ನು ಒಪ್ಪಿದಿರೋ, ಮುಂದಿನದನ್ನು ಒಪ್ಪದೆ ದಾರಿಯಿಲ್ಲ: ಬದುಕಲು ಚೂರು ಅನುಕೂಲ ಆಗುವ ವ್ಯತ್ಯಾಸ ತಲೆಮಾರಿನಿಂದ ತಲೆಮಾರಿಗೆ ಜಾಸ್ತಿ ಆಗುತ್ತಾ ಹೋಗುತ್ತದೆ. ಡಾರ್ವಿನ್ ‘ನೈಸರ್ಗಿಕ ಆಯ್ಕೆ’ ಅನ್ನುವುದು ಇದಕ್ಕೇ. ಮೂರರಲ್ಲಿ ಒಂದೂ ವಿಚಿತ್ರ ಅಲ್ಲ, ದನ ಸಾಕಿದ ಯಾರಿಗಾದರೂ ಗೊತ್ತಿರುವ ಸಂಗತಿಗಳೇ. 1970ರಲ್ಲಿ ಜೀವವಿಜ್ಞಾನಿ ರಿಚರ್ಡ್ ಲೆವಾಂಟಿನ್ ಹೆಚ್ಚುಕಮ್ಮಿ ಇದನ್ನೇ ಮೂರು ಸಾಲಿಗೆ ಇಳಿಸಿ, ಇದರಲ್ಲಿ ಜೀನು, ಪ್ರಾಣಿ, ಗುಂಪು ಅಂತ ಯಾವ ಹೆಸರೂ ಇಲ್ಲ, ಈ ಮೂರು ಗುಣ ಎಲ್ಲಿ ಕೂಡಿ ಬಂದರೂ ಆಯ್ಕೆ ನಡೆಯುತ್ತದೆ ಅಂತ ತೋರಿಸಿದ.

ಮೂರನೆಯದು, ಜನಸಂಖ್ಯೆ ಆಹಾರಕ್ಕಿಂತ ಬೇಗ ಬೆಳೆಯುತ್ತದೆ ಅಂದ ಮಾಲ್ತಸ್‌ನಿಂದ ಬಂದಿದ್ದು, ಡಾರ್ವಿನ್ ಅವನನ್ನು ಓದಿದ್ದು 1838ರಲ್ಲಿ. ನನಗೆ ಅದು ಚಕ್ರಬಡ್ಡಿ. ಉದಾಹರಣೆಗೆ ಡಾರ್ವಿನ್ ಆನೆಯನ್ನು ತಗೊಳ್ಳುತ್ತಾನೆ, ಯಾಕೆಂದರೆ ಎಲ್ಲಕ್ಕಿಂತ ನಿಧಾನ ಮರಿ ಹಾಕುವುದು ಅದು. ಮೂವತ್ತನೇ ವರ್ಷದಿಂದ ತೊಂಬತ್ತರ ತನಕ ಮೂರು ಜೋಡಿ ಮರಿ ಹಾಕಿದರೂ ಐನೂರು ವರ್ಷದಲ್ಲಿ ಒಂದು ಜೋಡಿಯಿಂದ ಒಂದೂವರೆ ಕೋಟಿ ಆನೆ ಅಂತಾನೆ. ಹಳೇ ಚಾಳಿ, ಕ್ಯಾಲ್ಕುಲೇಟರ್ ತೆಗೆದೆ. ಎಷ್ಟು ಸಲ ಒತ್ತಿದರೂ ಅಷ್ಟು ಬರಲಿಲ್ಲ, ಹತ್ತಿರಕ್ಕೂ ಬರಲಿಲ್ಲ. ನನ್ನದೇ ತಪ್ಪು ಅಂದುಕೊಂಡಿದ್ದೆ. ನೋಡಿದರೆ ಆಗಲೇ ಓದುಗರು ಪತ್ರಿಕೆಗೆ ಬರೆದು ತಪ್ಪು ತೋರಿಸಿದ್ದರಂತೆ. ನನ್ನ ಅಗ್ಗದ ಪ್ರತಿಯಲ್ಲಿ ಅದು 740ರಿಂದ 750 ವರ್ಷಕ್ಕೆ ಸುಮಾರು ಒಂದು ಕೋಟಿ ತೊಂಬತ್ತು ಲಕ್ಷ ಅಂತ ಬದಲಾಗಿದೆ. ಆರನೇ ಆವೃತ್ತಿಯಿಂದ ಆದ ಲಾಭ ಇದೊಂದೇ ಅನ್ನಬಹುದು. ಐನೂರೋ ಏಳುನೂರೋ, ವಾದಕ್ಕೇನೂ ಧಕ್ಕೆ ಇಲ್ಲ. ಎಲ್ಲಾ ಮರಿ ಬದುಕಿದರೆ ಭೂಮಿ ಸಾಲದು ಅನ್ನುವುದಷ್ಟೇ ಅಲ್ಲಿ ಬೇಕಾಗಿದ್ದು.

ಮೊದಲ ಅಧ್ಯಾಯ ತೆಗೆದರೆ ಪಾರಿವಾಳ. ಪುಟ ಪುಟವೂ ಪಾರಿವಾಳ. ಲಂಡನ್ನಿನ ಎರಡು ಪಾರಿವಾಳ ಕ್ಲಬ್ಬಿಗೆ ಸೇರಿಕೊಂಡು, ಸಿಕ್ಕ ತಳಿಯನ್ನೆಲ್ಲ ಮನೆಯಲ್ಲಿ ಸಾಕಿದ್ದ ಪುಣ್ಯಾತ್ಮ. ಅಕ್ಬರನ ಆಸ್ಥಾನದ ಜೊತೆ ಇಪ್ಪತ್ತು ಸಾವಿರ ಪಾರಿವಾಳ ಹೋಗುತ್ತಿದ್ದವು ಅನ್ನುವುದೂ ಇಲ್ಲಿ ಬರುತ್ತದೆ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಕೃತಜ್ಞತೆಯ ಸಾಲು: ಭಾರತದಿಂದ ಪಾರಿವಾಳದ ಚರ್ಮ ಕಳಿಸಿಕೊಟ್ಟ ಡಬ್ಲ್ಯು. ಎಲಿಯಟ್. ಈ ವಾಲ್ಟರ್ ಎಲಿಯಟ್ ಯಾರು ಅಂದುಕೊಂಡಿರಿ? 1824ರ ಕಿತ್ತೂರಿನ ಯುದ್ಧದಲ್ಲಿ ಥ್ಯಾಕರೆ ಸತ್ತಾಗ ಚೆನ್ನಮ್ಮನ ಕಡೆಯವರು ಸೆರೆ ಹಿಡಿದಿಟ್ಟುಕೊಂಡ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ. ಧಾರವಾಡ ಸೀಮೆಯಲ್ಲಿ ಕೆಲಸ ಮಾಡುತ್ತಾ ಕನ್ನಡ ಶಾಸನಗಳ ನಕಲನ್ನೂ ಸಂಗ್ರಹಿಸಿದವನು. ಕಿತ್ತೂರಿನಲ್ಲಿ ಸೆರೆಯಾಗಿದ್ದ ಮನುಷ್ಯನ ಹೆಸರು ಜೀವವಿಕಾಸದ ಮೊದಲ ಅಧ್ಯಾಯದಲ್ಲಿದೆ. ಇದನ್ನು ನಮಗೆ ಯಾವ ಮೇಷ್ಟ್ರೂ ಹೇಳಲಿಲ್ಲವಲ್ಲ!

ಸರಿ, ಪಾರಿವಾಳದಿಂದಲೇ ಯಾಕೆ ಶುರು? ಬೇಜಾರಾಗಿ ಇಲ್ಲೇ ಪುಸ್ತಕ ಮುಚ್ಚುವವರು ಜಾಸ್ತಿ, ನಾನೂ ಎರಡು ಸಲ ಮುಚ್ಚಿದೆ. ಆಮೇಲೆ ಗೊತ್ತಾಯಿತು, ಇದು ಲೆಕ್ಕಾಚಾರದ ನಡೆ. ಆ ಕಾಲದಲ್ಲಿ ವಿಜ್ಞಾನ ಅಂದರೆ ಹೇಗಿರಬೇಕು ಅಂತ ಹೇಳುತ್ತಿದ್ದ ದೊಡ್ಡ ತಲೆ ಜಾನ್ ಹರ್ಶೆಲ್. ನೀವೊಂದು ಕಾರಣ ಹೇಳಿದರೆ, ಅಂಥ ಕಾರಣ ನಿಜವಾಗಿ ಜಗತ್ತಿನಲ್ಲಿ ಇದೆ ಅಂತ ಮೊದಲು ಬೇರೆ ಕಡೆ ತೋರಿಸಬೇಕು, ಅದಕ್ಕೆ ಅಷ್ಟು ದೊಡ್ಡ ಕೆಲಸ ಮಾಡುವ ತಾಕತ್ತಿದೆ ಅಂತಲೂ ತೋರಿಸಬೇಕು, ಬರೀ ಊಹೆ ನಡೆಯುವುದಿಲ್ಲ ಅನ್ನುವುದು ಅವನ ಕಟ್ಟಳೆ. ಡಾರ್ವಿನ್ ಆ ಕಟ್ಟಳೆಗೆ ಸರಿಯಾಗಿ ಮನೆ ಕಟ್ಟಿದ. ಸಾಕುವವರು ಬೇಕಾದ್ದನ್ನು ಉಳಿಸಿಕೊಂಡು ಬೇಡದ್ದನ್ನು ಬಿಡುತ್ತಾ ಒಂದೇ ಬಂಡೆ ಪಾರಿವಾಳದಿಂದ ಇಷ್ಟೆಲ್ಲ ತಳಿ ತೆಗೆದಿದ್ದಾರೆ, ನೋಡಿ, ಕಾರಣ ಇದೆ. ನಾಲ್ಕನೇ ಅಧ್ಯಾಯದ ಹೊತ್ತಿಗೆ ಆ ಸಾಕುವವನ ಜಾಗದಲ್ಲಿ ಮಳೆ, ಬರ, ಹುಳ, ಹಸಿವು ಬಂದು ಕೂತಿರುತ್ತವೆ. ಇಷ್ಟೆಲ್ಲ ಮಾಡಿಯೂ ಹರ್ಶೆಲ್ ಒಪ್ಪಲಿಲ್ಲ. ಇದು ಕಲಸುಮೇಲೋಗರದ ನಿಯಮ ಅಂದನಂತೆ. ಆ ಮಾತು ಸುತ್ತಿ ಬಳಸಿ ಡಾರ್ವಿನ್ ಕಿವಿಗೆ ಬಿದ್ದು, ಬೇಜಾರು ಮಾಡಿಕೊಂಡು ಗೆಳೆಯ, ಭೂವಿಜ್ಞಾನಿ ಲಯೆಲ್‌ಗೆ ಪತ್ರ ಬರೆದ.

ಮೂರನೇ ಅಧ್ಯಾಯದಲ್ಲಿ ಒಂದು ಪ್ರಯೋಗ ಇದೆ, ನಾನೂ ಮಾಡಿ ನೋಡಿದೆ. ಮೂರಡಿ ಉದ್ದ ಎರಡಡಿ ಅಗಲದ ನೆಲ ಅಗೆದು, ಚೊಕ್ಕ ಮಾಡಿ, ತಾನಾಗಿ ಹುಟ್ಟುವ ಕಳೆಗಳನ್ನು ಒಂದೊಂದಾಗಿ ಗುರುತು ಹಾಕುತ್ತಾ ಹೋಗುವುದು. ಡಾರ್ವಿನ್ನನಿಗೆ 357 ಹುಟ್ಟಿದವು, ಅದರಲ್ಲಿ 295 ಸತ್ತವು, ಹೆಚ್ಚಿನವು ಗೊಂಡೆಹುಳ, ಕೀಟಗಳ ಬಾಯಿಗೆ. ನಾನು ಹಿತ್ತಲಲ್ಲಿ ಅಷ್ಟೇ ಜಾಗ ಅಗೆದು ಮೊಳಕೆ ಪಕ್ಕ ಪೊರಕೆ ಕಡ್ಡಿ ನೆಟ್ಟುಕೊಂಡು ಬಂದೆ. ನಮ್ಮನೆಯವರು ನಕ್ಕರು. ಆರನೇ ದಿನ ಪಕ್ಕದ ಮನೆ ಕೋಳಿ ನುಗ್ಗಿ ಎಲ್ಲಾ ಕೆದರಿ ಮುಗಿಸಿತು. ಕಡ್ಡಿ ಒಂದು ಕಡೆ, ಮೊಳಕೆ ಒಂದು ಕಡೆ.

ಸಿಟ್ಟು ಬಂತು, ಆದರೆ ಪುಸ್ತಕದ ಒಂದು ದೊಡ್ಡ ಪ್ರಶ್ನೆ ನನಗೆ ಅರ್ಥ ಆಗಿದ್ದು ಆ ಕೋಳಿಯಿಂದಲೇ. ಗೊಂಡೆಹುಳ ಎಳೇ ಎಲೆ, ಮೆತ್ತನೆ ಎಲೆ ನೋಡಿ ತಿನ್ನುತ್ತದೆ. ಒರಟು ಎಲೆಯದು, ಕಹಿ ಎಲೆಯದು ಉಳಿದರೆ ಅದಕ್ಕೆ ಕಾರಣ ಗಿಡದಲ್ಲೇ ಇದೆ. ಕೋಳಿ ಹುಳ ಹುಡುಕುತ್ತಾ ಕೆದರಿದಾಗ ಒಂದು ಮೂಲೆಯಲ್ಲಿ ನಾಲ್ಕು ಮೊಳಕೆ ಉಳಿದವು. ಅವು ಉಳಿದಿದ್ದು ಅವುಗಳ ಗುಣದಿಂದಲ್ಲ, ಕೋಳಿ ಕಾಲು ಆ ಕಡೆ ಹೋಗಲಿಲ್ಲ ಅಷ್ಟೇ. ಎರಡರಲ್ಲೂ ಕೆಲವು ಸತ್ತವು, ಕೆಲವು ಉಳಿದವು. ಮೊದಲನೆಯದು ಆಯ್ಕೆ, ಎರಡನೆಯದು ಅದೃಷ್ಟ. ಬರೀ ಉಳಿದವುಗಳ ತಲೆ ಎಣಿಸಿದರೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ, ಯಾಕೆ ಉಳಿದವು ಅಂತ ಕೇಳಬೇಕು.

ಈಗ ಆ ‘ಫಿಟೆಸ್ಟ್’ ತಲೆನೋವಿಗೆ ಬರೋಣ. ಯಾರು ಉಳಿಯುತ್ತಾರೆ? ಯೋಗ್ಯರು. ಯಾರು ಯೋಗ್ಯರು? ಉಳಿದವರು. ಇದು ಗಿರಕಿ ಹೊಡೆಯುವ ಮಾತು, ಇದರಲ್ಲಿ ವಿಜ್ಞಾನ ಏನು ಬಂತು ಅನ್ನುವ ಆಕ್ಷೇಪ ಬಹಳ ಹಳೆಯದು. ಕಾರ್ಲ್ ಪಾಪರ್‌ನಂಥ ತತ್ತ್ವಶಾಸ್ತ್ರಜ್ಞನೇ ಡಾರ್ವಿನ್‌ವಾದ ಪರೀಕ್ಷೆ ಮಾಡಲು ಬರುವ ಸಿದ್ಧಾಂತ ಅಲ್ಲ ಅಂತ 1974ರಲ್ಲಿ ಬರೆದ. 1977ರಲ್ಲಿ ಕೇಂಬ್ರಿಡ್ಜಿನ ಡಾರ್ವಿನ್ ಕಾಲೇಜಿನಲ್ಲೇ ನಿಂತು, ನಾನು ಮನಸ್ಸು ಬದಲಾಯಿಸಿದ್ದೇನೆ ಅಂತ ಹೇಳಿದ. ಅಷ್ಟು ದೊಡ್ಡ ಮನುಷ್ಯ ಹಾಗೆ ಬಾಯಿ ಬಿಟ್ಟು ಹೇಳಿದ್ದು ನನಗೆ ಇಷ್ಟ ಆಯಿತು.

ಗಿರಕಿ ಬಿಡಿಸುವುದು ಹೀಗೆ. ನಮ್ಮ ಶೋಕೇಸಿನಲ್ಲಿ ಅಮ್ಮನ ಮದುವೆಯ ಗಾಜಿನ ಲೋಟ ಇದೆ, ಇವತ್ತಿನ ತನಕ ಒಡೆದಿಲ್ಲ. ಅದರ ಜೊತೆಯ ಸ್ಟೀಲ್ ಲೋಟ ಟ್ರ್ಯಾಕ್ಟರ್ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿ ಆಯಿತು. ಆದರೂ ಬೇಗ ಒಡೆಯುವ ಸ್ವಭಾವ ಯಾವುದರದ್ದು ಅಂದರೆ ಗಾಜಿನದು ಅಂತಲೇ ಹೇಳುತ್ತೇವೆ ಅಲ್ವಾ? ಸ್ವಭಾವ ಬೇರೆ, ಕೊನೆಗೆ ಆಗಿದ್ದು ಬೇರೆ. ಜೀವಿಯ ಯೋಗ್ಯತೆಯೂ ಹಾಗೇ, ಇಂಥ ಜಾಗದಲ್ಲಿ ಇದು ಬದುಕಿ ಮರಿ ಮಾಡುವ ಸಂಭವ ಎಷ್ಟು ಅನ್ನುವ ಸ್ವಭಾವ ಅದು, ನಿಜವಾಗಿ ಎಷ್ಟು ಮರಿ ಮಾಡಿತು ಅನ್ನುವುದಲ್ಲ. 1970ರ ದಶಕದ ಕೊನೆಯಲ್ಲಿ ರಾಬರ್ಟ್ ಬ್ರ್ಯಾಂಡನ್, ಸೂಸನ್ ಮಿಲ್ಸ್, ಜಾನ್ ಬೀಟಿ ಅನ್ನುವ ತತ್ತ್ವಶಾಸ್ತ್ರಜ್ಞರು ಇದನ್ನು ಬಿಡಿಸಿ ಬರೆದರು. ಇದಕ್ಕೂ ತಕರಾರು ಇದೆ, ಆ ಸಂಭವವನ್ನು ಅಳೆಯುವುದು ಹೇಗೆ ಅಂತ ಇವತ್ತಿಗೂ ಜಗಳ ಆಡುತ್ತಾರೆ. ಆದರೆ ಗಿರಕಿಯಂತೂ ನಿಂತಿತು.

ಮೊದಲೇ ಹೇಳಲು ಬರುತ್ತದಾ ಅಂದರೆ ಬರುತ್ತದೆ. ಗಲಾಪಗೋಸ್‌ನ ಡ್ಯಾಫ್ನೆ ಮೇಜರ್ ಅನ್ನುವ ಪುಟ್ಟ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ಫಿಂಚ್ ಹಕ್ಕಿ ಹಿಡಿದು ಕೊಕ್ಕು ಅಳೆಯುತ್ತಿದ್ದರು. 1977ರಲ್ಲಿ ಭೀಕರ ಬರ ಬಂತು. ಸಣ್ಣ ಕಾಳು ಮುಗಿದು ದಪ್ಪ ಸಿಪ್ಪೆಯ ಮುಳ್ಳುಬೀಜ ಉಳಿಯಿತು. ಅದು ನಮ್ಮ ನೆಗ್ಗಿಲು ಮುಳ್ಳಿನ ಜಾತಿಯದೇ. ಹೊಲದಲ್ಲಿ ಬರಿಗಾಲಲ್ಲಿ ನಡೆದವರಿಗೆ ಅದನ್ನು ಒಡೆಯಲು ಎಂಥ ಕೊಕ್ಕು ಬೇಕು ಅಂತ ಹೇಳಬೇಕಿಲ್ಲ. ಹೆಚ್ಚಿನ ಹಕ್ಕಿ ಸತ್ತವು, ಉಳಿದವುಗಳಲ್ಲಿ ದಪ್ಪ ಕೊಕ್ಕಿನವು ಜಾಸ್ತಿ, ಅವುಗಳ ಮರಿಗಳ ಕೊಕ್ಕೂ ದಪ್ಪ. ಬೀಜ ನೋಡಿ, ಕೊಕ್ಕು ನೋಡಿ, ಯಾವುದು ಉಳಿದೀತು ಅಂತ ಮುಂಚೆಯೇ ಹೇಳಬಹುದಿತ್ತು. ಮಾತು ಗಿರಕಿ ಹೊಡೆಯುತ್ತಿದ್ದರೆ ಇದು ಆಗುತ್ತಿರಲಿಲ್ಲ. ಅಂದಹಾಗೆ ‘ಡಾರ್ವಿನ್ನನ ಫಿಂಚ್’ ಅಂತ ಇಷ್ಟು ಹೆಸರಾದ ಹಕ್ಕಿಗಳ ಕಥೆ ಹುಡುಕಿಕೊಂಡು ಈ ಪುಸ್ತಕಕ್ಕೆ ಬಂದರೆ ನಿರಾಸೆ ಆಗುತ್ತದೆ, ಇಲ್ಲಿ ಪಾರಿವಾಳವೇ ಎಲ್ಲಾ.

ಇನ್ನೊಂದು ಸಿಕ್ಕು. ನಮ್ಮ ಭಾವ ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಬೀಜವನ್ನು ಜರಡಿಗೆ ಹಾಕುತ್ತಾರೆ, ದೊಡ್ಡದು ಮೇಲೆ ನಿಲ್ಲುತ್ತದೆ, ಸಣ್ಣದು ಉದುರುತ್ತದೆ. ಒಂದು ವರ್ಷ ಮೇಲೆ ನಿಂತಿದ್ದೆಲ್ಲ ಹೊಳೆ ಪಕ್ಕದ ತೋಟದ್ದೇ ಅಂದುಕೊಳ್ಳಿ. ಜರಡಿ ಹೊಳೆ ಪಕ್ಕದ ತೋಟವನ್ನು ಆರಿಸಿತು ಅಂದರೆ ಒಂದರ್ಥದಲ್ಲಿ ಸರಿ, ಇನ್ನೊಂದರ್ಥದಲ್ಲಿ ತಪ್ಪು. ಜರಡಿಗೆ ಗಾತ್ರ ಗೊತ್ತು, ತೋಟ ಗೊತ್ತಿಲ್ಲ. ಏನು ಆಯ್ಕೆ ಆಯಿತು ಅನ್ನುವುದು ಬೇರೆ, ಯಾವುದಕ್ಕಾಗಿ ಆಯ್ಕೆ ಆಯಿತು ಅನ್ನುವುದು ಬೇರೆ. ತತ್ತ್ವಶಾಸ್ತ್ರಜ್ಞ ಎಲಿಯಟ್ ಸೋಬರ್ 1984ರಲ್ಲಿ ಇದನ್ನು ಮಕ್ಕಳ ಆಟಿಕೆಯ ಬಣ್ಣದ ಗೋಲಿಗಳಲ್ಲಿ ತೋರಿಸಿದ, ನನಗೆ ಕಾಫಿ ಬೀಜವೇ ವಾಸಿ. ದೇಹದಲ್ಲಿ ಕಂಡ ಪ್ರತಿಯೊಂದಕ್ಕೂ ಇದು ಇದಕ್ಕಾಗಿಯೇ ಬಂತು ಅಂತ ಕಥೆ ಕಟ್ಟುವ ವಾಟ್ಸಾಪ್ ಪಂಡಿತರು ಈ ಜರಡಿ ಮುಂದೆ ಅರ್ಧ ಗಂಟೆ ನಿಂತರೆ ಸಾಕು.

ಆಯ್ಕೆ ಅಂದರೆ ಯಾರೋ ಆರಿಸಬೇಕಲ್ಲ, ಯಾರು ಅದು? ಡಾರ್ವಿನ್ನನ ಇಂಗ್ಲಿಷೇ ಇದಕ್ಕೆ ಕಾರಣ. ಪ್ರಕೃತಿ ದಿನವೂ ಗಳಿಗೆಗಳಿಗೆಗೂ ಕಣ್ಣಿಟ್ಟು ನೋಡುತ್ತಿರುತ್ತದೆ ಅಂತೆಲ್ಲ ಬರೆದುಬಿಟ್ಟಿದ್ದಾನೆ. ಜನ ಹಿಡಿದು ಕೇಳಿದಾಗ 1861ರ ಮೂರನೇ ಆವೃತ್ತಿಯಲ್ಲಿ, ಗುರುತ್ವಾಕರ್ಷಣೆ ಗ್ರಹಗಳನ್ನು ಆಳುತ್ತದೆ ಅಂದರೆ ಯಾರೂ ತಕರಾರು ಮಾಡುವುದಿಲ್ಲ, ನನಗೊಬ್ಬನಿಗೇ ಯಾಕೆ ಅಂತ ಉತ್ತರ ಕೊಟ್ಟ. ಅವನು ಕನ್ನಡದಲ್ಲಿ ಬರೆದಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ. ನಾವು ಅಕ್ಕಿ ಆರಿಸುತ್ತೇವೆ ಅನ್ನುತ್ತೇವೆ, ಕೈಗೆ ಎತ್ತಿಕೊಳ್ಳುವುದು ಮಾತ್ರ ಕಲ್ಲನ್ನು. ಮೊರದಲ್ಲಿ ಉಳಿದಿದ್ದು ಅಕ್ಕಿ. ಈ ಆಯ್ಕೆಯೂ ಅಂಥದ್ದು, ಒಳ್ಳೆಯದನ್ನು ಯಾರೂ ಹುಡುಕಿ ಎತ್ತುವುದಿಲ್ಲ, ನಡೆಯದ್ದು ಬಿದ್ದು ಹೋಗುತ್ತದೆ.

ಹಾಗಾದರೆ ಎಲ್ಲಾ ಆಕಸ್ಮಿಕವಾ? ಇದಕ್ಕೆ ಉತ್ತರ 1868ರಲ್ಲಿ ಅವನು ಬರೆದ ಇನ್ನೊಂದು ಪುಸ್ತಕದಲ್ಲಿದೆ. ಬಂಡೆಯಿಂದ ಉದುರಿದ ಕಾಡುಗಲ್ಲಿನಲ್ಲೇ ಒಬ್ಬ ಮನೆ ಕಟ್ಟುತ್ತಾನೆ. ಪ್ರತಿ ಕಲ್ಲಿಗೂ ಆ ಆಕಾರ ಬರಲು ಕಾರಣ ಇದೆ, ಬಂಡೆಯ ಪದರ, ಮಳೆ, ಬಿಸಿಲು. ಆದರೆ ಇವನ ಮನೆಯ ಕಮಾನಿಗೆ ಬೇಕು ಅಂತ ಆ ಕಲ್ಲು ಹಾಗೆ ಒಡೆಯಲಿಲ್ಲ. ವ್ಯತ್ಯಾಸಗಳು ಆಕಸ್ಮಿಕ ಅಂದರೆ ಕಾರಣ ಇಲ್ಲ ಅಂತಲ್ಲ, ಜೀವಿಯ ಅಗತ್ಯಕ್ಕೆ ತಕ್ಕ ಹಾಗೆ ಹುಟ್ಟುವುದಿಲ್ಲ ಅಂತ. ಈ ಒಂದು ವ್ಯತ್ಯಾಸ ತಿಳಿಯದೆ ಟಿವಿಯಲ್ಲಿ ಎಷ್ಟು ಹೊತ್ತು ಕೂಗಾಡುತ್ತಾರೆ!

ಇಷ್ಟೆಲ್ಲ ಹೊಗಳಿದೆ, ಬೈಯುವುದೂ ಇದೆ. ಮಿಶ್ರತಳಿಯ ಎಂಟನೇ ಅಧ್ಯಾಯ ಓದುತ್ತಾ ನಾನು ನಿದ್ದೆ ಹೋಗಿದ್ದೇನೆ. ವಾಕ್ಯಗಳು ಕೆಲವೊಮ್ಮೆ ಅರ್ಧ ಪುಟ. ಮುಖ್ಯ ಕೊರತೆ ಅಂದರೆ ಗುಣ ಮರಿಗೆ ಹೋಗುವುದು ಹೇಗೆ ಅಂತ ಅವನಿಗೆ ಗೊತ್ತಿಲ್ಲ. 1867ರಲ್ಲಿ ಫ್ಲೀಮಿಂಗ್ ಜೆಂಕಿನ್ ಅನ್ನುವ ಎಂಜಿನಿಯರ್ ಸರಿಯಾಗಿ ಹಿಡಿದ: ತಂದೆತಾಯಿಯ ಗುಣ ಮಕ್ಕಳಲ್ಲಿ ಬೆರೆತು ಹೋಗುವುದಾದರೆ ಹೊಸ ಗುಣ ಕೊಳದಪ್ಪಲೆ ಹಾಲಿಗೆ ಬಿದ್ದ ಒಂದು ಚಮಚ ಡಿಕಾಕ್ಷನ್ನಿನ ಹಾಗೆ ಮಾಯ ಆಗಬೇಕಲ್ಲ ಅಂತ. ಗುಣ ಹಾಗೆ ಬೆರೆಯುವುದಿಲ್ಲ ಅಂತ ಮೆಂಡೆಲ್ 1866ರಲ್ಲೇ ಅಚ್ಚು ಹಾಕಿಸಿದ್ದ, ಡಾರ್ವಿನ್ ಅದನ್ನು ನೋಡಲಿಲ್ಲ. ಅತ್ತ ಭೌತವಿಜ್ಞಾನಿ ಕೆಲ್ವಿನ್, ಇಷ್ಟು ನಿಧಾನದ ಬದಲಾವಣೆಗೆ ಸಾಕಾಗುವಷ್ಟು ವಯಸ್ಸೇ ಭೂಮಿಗೆ ಆಗಿಲ್ಲ ಅಂತ ಲೆಕ್ಕ ತೆಗೆದ. ಒಂದೊಂದು ಏಟಿಗೂ ಒಂದೊಂದು ತೇಪೆ. ಬಳಸಿದ ಅಂಗ ಬೆಳೆಯುತ್ತದೆ, ಬಳಸದ್ದು ಕುಗ್ಗುತ್ತದೆ ಅನ್ನುವುದು ಮೊದಲ ಆವೃತ್ತಿಯಲ್ಲೂ ಇತ್ತು, ಆದರೆ ಹೋಗ್ತಾ ಹೋಗ್ತಾ ಅದರ ಮೇಲೆ ಭಾರ ಜಾಸ್ತಿ ಬಿತ್ತು. ಟೀಕೆ ಮಾಡಿದ್ದ ಮೈವರ್ಟ್ ಅನ್ನುವ ಜೀವವಿಜ್ಞಾನಿಗೆ ಉತ್ತರ ಕೊಡಲು ಆರನೆಯದರಲ್ಲಿ ಒಂದು ಅಧ್ಯಾಯವನ್ನೇ ಸೇರಿಸಿದ. ಆರನೇ ಆವೃತ್ತಿ ಓದಿದರೆ ತಿರುಗ ಬಂದ ಫೈಲಿಗೆ ಸಮಜಾಯಿಷಿ ಬರೆದ ಹಾಗಿದೆ. ಮಜಾ ಏನಪ್ಪಾ ಅಂದರೆ, ಜೆಂಕಿನ್ ವಿಷಯದಲ್ಲೂ ಕೆಲ್ವಿನ್ ವಿಷಯದಲ್ಲೂ 1859ರ ಡಾರ್ವಿನ್ನೇ ಸರಿಗೆ ಹತ್ತಿರ ಇದ್ದ.

ಕಣ್ಣಿನ ವಿಷಯಕ್ಕೆ ಒಂದು ಮಾತು. ಕಣ್ಣಿನಂಥ ಅಂಗ ಹೀಗೆ ಆಯಿತು ಅನ್ನುವುದು ಅಸಂಬದ್ಧ ಅನ್ನಿಸುತ್ತದೆ ಅಂತ ಡಾರ್ವಿನ್ನೇ ಒಪ್ಪಿದ್ದಾನೆ ಅನ್ನುವ ಮೆಸೇಜು ನಿಮಗೂ ಬಂದಿರಬಹುದು. ಆರನೇ ಅಧ್ಯಾಯ ತೆಗೆದು ಅದರ ಮುಂದಿನ ವಾಕ್ಯ ಓದಿ, ಅಷ್ಟೇ.

450 ರೂಪಾಯಿಯದಕ್ಕೆ ನಾಲ್ಕೂವರೆ ಸ್ಟಾರ್, ಅರ್ಧ ಕಡಿಮೆ ಮಾಡಿದ್ದು ಎಂಟನೇ ಅಧ್ಯಾಯಕ್ಕೆ. 199ರದ್ದಕ್ಕೆ ಒಂದು, ಅದೂ ಆನೆ ಲೆಕ್ಕಕ್ಕೆ. ವಾಪಸ್ ಮಾಡುವ ಗಡುವು ಮುಗಿದಿತ್ತು, ಹಾಗಾಗಿ ಇನ್ನೊಂದರ ಚಿತ್ರ ಜೆರಾಕ್ಸ್ ಮಾಡಿಸಿ ನಾಲ್ಕನೇ ಅಧ್ಯಾಯಕ್ಕೆ ಅಂಟಿಸಿ ಅಕ್ಕನ ಮಗಳಿಗೆ ಕೊಟ್ಟಿದ್ದೇನೆ. ಅವಳು ಸದ್ಯಕ್ಕೆ ಪಾರಿವಾಳದಲ್ಲಿದ್ದಾಳೆ. ನಾನು ಹಿತ್ತಲಿಗೆ ಮೆಶ್ ಹಾಕಿಸಿ ಮತ್ತೆ ಅಗೆದಿದ್ದೇನೆ.